ಅರ್ಥಶಾಸ್ತ್ರದ ಪದವಿಯಲ್ಲಿ ಅರ್ಥವೆಲ್ಲಿ?

ಅರ್ಥಶಾಸ್ತ್ರದಲ್ಲಿ ಪದವಿ ಪಡೆದು ಹೊರಬರುವ ನಮ್ಮ ತರುಣ ತರುಣಿಯರಿಗೆ ನಾವು ಒಂದು ಪ್ರಶ್ನೆ ಹಾಕಬಯಸುತ್ತೇವೆ. ಬೈಲು ಗದ್ದೆಯ ಗೇಣಿಗೂ ಬೆಟ್ಟು ಗದ್ದೆಯ ಗೇಣಿಗೂ ಹಿಂದೆ ಅಷ್ಟೊಂದು ಅಂತರವಿದ್ದುದೇಕೆ? ಅವರ ಅಜ್ಜಂದಿರಾದರೆ ಎಲೆಯಡಕೆ ಮೆಲ್ಲುತ್ತಲೇ ಇದಕ್ಕೆ ಉತ್ತರ ಹೇಳಿಯಾರು. ಪದವೀಧರರಲ್ಲಿ ಬಹುಮಂದಿ ಮುಖ ಮುಖ ನೋಡಿಕೊಳ್ಳುತ್ತಾರೆ. ಆದರೆ ರಿಕಾರ್ಡೋನ ಗೇಣಿ ಸಿದ್ಧಾಂತವನ್ನು ವಿವರಿಸಿರೆಂದು ಕೇಳಿದರೆ ಅವರೇ ಎರಡು ಪುಟ ತಪ್ಪಿಲ್ಲದೆ ಬರೆದು, ಕೆಳಗೊಂದು ನಕ್ಷೆಯನ್ನೂ ಎಳೆದು ಕೊಡುತ್ತಾರೆ. ಎರಡೂ ಒಂದೇ ಪ್ರಶ್ನೆಯೆಂದು ಅವರಿಗೆ ತಿಳಿದಿಲ್ಲ, ತಿಳಿಸಿದವರೂ ಇಲ್ಲ. ತಪ್ಪು ಆ ಮಕ್ಕಳದಲ್ಲ, ಅವರು ಓದಿದ ಪದವಿಯದು. ಈ ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕಾದ ಕಾಲ ಬಂದಿದೆಯೆಂದು ನಮ್ಮ ಅಭಿಪ್ರಾಯ.

ಮೊದಲು ಆ ಪದವಿಯಲ್ಲಿ ಏನಿದೆಯೆಂದು ನೋಡೋಣ. ವಿಶ್ವವಿದ್ಯಾನಿಲಯ ಯಾವುದಾದರೂ ಇರಲಿ, ಪಠ್ಯದ ಎಲುಬುಗೂಡು ಹೆಚ್ಚು ಕಡಮೆ ಒಂದೇ. ಮೊದಲಿಗೆ ಸೂಕ್ಷ್ಮ ಅರ್ಥಶಾಸ್ತ್ರ: ಅನುಭೋಗಿಯ ತುಷ್ಟಿಗುಣ, ಔದಾಸೀನ್ಯ ವಕ್ರರೇಖೆ, ಬೇಡಿಕೆ ಪೂರೈಕೆಗಳ ಸ್ಥಿತಿಸ್ಥಾಪಕತೆ, ಉತ್ಪಾದನಾ ವೆಚ್ಚ, ಪರಿಪೂರ್ಣ ಪೈಪೋಟಿ, ಏಕಸ್ವಾಮ್ಯ. ಅನಂತರ ಸಮಗ್ರ ಅರ್ಥಶಾಸ್ತ್ರ: ರಾಷ್ಟ್ರೀಯ ವರಮಾನದ ಲೆಕ್ಕ, ಕೇನ್ಸನ ಗುಣಕ, 1937ರಲ್ಲಿ ಹಿಕ್ಸ್ ಎಳೆದು ಕೊಟ್ಟ ಎರಡು ರೇಖೆಗಳ ಚಿತ್ರ, ಹಣದುಬ್ಬರ, ನಿರುದ್ಯೋಗ. ಇವುಗಳ ಜೊತೆಗೆ ಗಣಿತ, ಸಂಖ್ಯಾಶಾಸ್ತ್ರ, ಅರ್ಥಮಿತಿಶಾಸ್ತ್ರ, ಸಾರ್ವಜನಿಕ ಹಣಕಾಸು, ಬ್ಯಾಂಕಿಂಗ್, ಅಂತರರಾಷ್ಟ್ರೀಯ ವ್ಯಾಪಾರ. ಕೊನೆಗೆ ಭಾರತದ ಆರ್ಥಿಕತೆಯೆಂದು ಒಂದೆರಡು ಪತ್ರಿಕೆಗಳು; ಅವುಗಳಲ್ಲಿ ಯೋಜನೆಗಳ ಹೆಸರು, ಸಮಿತಿಗಳ ಹೆಸರು, ಇಸವಿಗಳು, ಶೇಕಡಾವಾರು ಅಂಕಿಗಳು.

ಇವುಗಳಲ್ಲಿ ಯಾವುದನ್ನೂ ಕಿತ್ತೆಸೆಯಿರೆಂದು ನಾವು ಹೇಳುವವರಲ್ಲ. ಬೇಡಿಕೆ ಪೂರೈಕೆಗಳ ಕತ್ತರಿಯನ್ನು ಅರಿಯದವನು ಪೇಟೆಯ ಒಂದು ಸುದ್ದಿಯನ್ನೂ ಸರಿಯಾಗಿ ಓದಲಾರ. ಸಂಖ್ಯಾಶಾಸ್ತ್ರ ಬಾರದವನನ್ನು ಅಂಕಿಗಳಿಂದ ಮೋಸಗೊಳಿಸುವುದು ಸುಲಭ. ನಮ್ಮ ತಕರಾರು ಇವನ್ನು ಕಲಿಸುವ ಬಗೆಯ ಮೇಲೆ. ದೇಶವಿಲ್ಲದೆ, ಕಾಲವಿಲ್ಲದೆ, ವಾದವಿಲ್ಲದೆ, ಆಕಾಶದಿಂದ ಇಳಿದು ಬಂದ ವಾಕ್ಯವೆಂಬಂತೆ ಇವನ್ನು ಕಲಿಸುತ್ತಾರೆ. ಯಾವ ಪಂಡಿತ ಯಾವ ಊರಿನಲ್ಲಿ ಕುಳಿತು, ಯಾವ ಜಗಳದ ನಡುವೆ, ಯಾರಿಗೆ ಉತ್ತರವಾಗಿ ಈ ಮಾತನ್ನು ಹೇಳಿದನೆಂಬುದು ವಿದ್ಯಾರ್ಥಿಗೆ ತಿಳಿಯುವುದಿಲ್ಲ. ತಿಳಿಯದೆ ಇದ್ದಾಗ ಶಾಸ್ತ್ರ ಮಂತ್ರವಾಗುತ್ತದೆ. ಮಂತ್ರಕ್ಕೆ ಬೇಕಾದುದು ಬಾಯಿಪಾಠವೊಂದೇ.

ಒಂದು ಉದಾಹರಣೆ ಸಾಕು. ಅಂತರರಾಷ್ಟ್ರೀಯ ವ್ಯಾಪಾರದ ಮೊದಲ ಪಾಠದಲ್ಲಿ ಇಂಗ್ಲೆಂಡಿನ ಬಟ್ಟೆ ಮತ್ತು ಪೋರ್ಚುಗಲ್ಲಿನ ದ್ರಾಕ್ಷಾಮದ್ಯ ಬರುತ್ತವೆ. 1817ರಲ್ಲಿ ರಿಕಾರ್ಡೋ ಕೊಟ್ಟ ಲೆಕ್ಕ ಅದು. ಲೆಕ್ಕ ಚೆನ್ನಾಗಿದೆ. ಆದರೆ ಈ ಎರಡು ದೇಶಗಳ ನಡುವೆ 1703ರಲ್ಲಿಯೇ ಮೆಥ್ಯೂಯೆನ್ ಒಪ್ಪಂದ ಆಗಿತ್ತೆಂದೂ, ಬಟ್ಟೆ ಒಂದು ಕಡೆಗೂ ಮದ್ಯ ಇನ್ನೊಂದು ಕಡೆಗೂ ಹರಿದುದರಲ್ಲಿ ಆ ಒಪ್ಪಂದದ ಕೈ ಇತ್ತೆಂದೂ ಯಾರೂ ಹೇಳುವುದಿಲ್ಲ. ರಿಕಾರ್ಡೋ ಬರೆಯುತ್ತಿದ್ದ ದಿನಗಳಲ್ಲಿಯೇ ಲ್ಯಾಂಕಷೈರಿನ ಯಂತ್ರದ ಬಟ್ಟೆ ಹಿಂದೂಸ್ಥಾನದ ನೇಕಾರನ ಮಗ್ಗದ ಬಾಗಿಲಿಗೆ ಬಂದು ನಿಂತಿತ್ತೆಂಬುದನ್ನು ಆ ಪಾಠದಲ್ಲಿ ಕಾಣೆವು. ಅದು ಬೇರೊಂದು ಪತ್ರಿಕೆಯಲ್ಲಿ, ಬೇರೊಂದು ವರುಷದಲ್ಲಿ, ಎರಡು ಸಾಲಿನ ಟಿಪ್ಪಣಿಯಾಗಿ ಬರುತ್ತದೆ. ಸೋಲಾಪುರದ ನಮ್ಮ ಕನ್ನಡ ಬಂಧುಗಳ ಮಕ್ಕಳು ಮಗ್ಗದ ಸದ್ದು ಕೇಳುತ್ತ ಬೆಳೆದವರು. ಅವರಿಗೂ ಪೋರ್ಚುಗಲ್ಲಿನ ಮದ್ಯವೇ ಪಾಠ!

ಈಗ ನಮ್ಮ ಗದ್ದೆಗೆ ಬರೋಣ. ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಲದಿಂದಲೂ ಕಾಸರಗೋಡಿನ ರೈತ ತನ್ನ ಭತ್ತದ ಭೂಮಿಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸಿದ್ದಾನೆ. ತಗ್ಗಿನಲ್ಲಿ ನೀರಿನಾಸರೆಯಲ್ಲಿರುವುದು ಬೈಲು. ಅಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ನಡುವಿನದು ಮಜಲು, ಎರಡು ಬೆಳೆ. ಮಳೆಯನ್ನೇ ನಂಬಿದ್ದು ಬೆಟ್ಟು, ಒಂದೇ ಬೆಳೆ. ಬೆಟ್ಟನ್ನು ಉಳುವವನಿಗೆ ಖರ್ಚು ಹುಟ್ಟಿದರೆ ಸಾಕೆಂಬಷ್ಟಕ್ಕೆ ಅಕ್ಕಿಯ ಬೆಲೆ ನಿಂತಿದೆಯೆನ್ನಿ. ಅದೇ ಬೆಲೆಗೆ ಬೈಲಿನವನಿಗೆ ಖರ್ಚು ಕಳೆದು ಮಿಗುವುದೆಷ್ಟೋ ಅಷ್ಟನ್ನು ಧಣಿ ಗೇಣಿಯೆಂದು ಕೇಳಬಲ್ಲ. ರಿಕಾರ್ಡೋ ಹೇಳಿದುದು ಇದನ್ನೇ. ಗೇಣಿ ಹೆಚ್ಚಾದುದರಿಂದ ಅಕ್ಕಿ ದುಬಾರಿಯಾಗುವುದಿಲ್ಲ, ಅಕ್ಕಿ ದುಬಾರಿಯಾದುದರಿಂದ ಗೇಣಿ ಏರುತ್ತದೆ ಎಂಬ ಅವನ ಪ್ರಸಿದ್ಧ ತೀರ್ಮಾನವನ್ನು ಈ ಮೂರು ಕನ್ನಡ ಪದಗಳಿಂದ ಹತ್ತು ನಿಮಿಷದಲ್ಲಿ ಹೈಸ್ಕೂಲಿನ ಮಕ್ಕಳಿಗೂ ಹೇಳಿಕೊಡಬಹುದು. ಆ ಮೇಲೆ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ: ಬೈಲಿಗೆ ನೀರು ತಂದವರು ಯಾರು? ಕಟ್ಟ ಕಟ್ಟಿದವರು ಯಾರು? ಒಕ್ಕಲು ಬೆವರು ಸುರಿಸಿ ಬೆಟ್ಟನ್ನು ಮಜಲು ಮಾಡಿದರೆ ಹೆಚ್ಚಿದ ಫಲ ಯಾರದು? ಈ ಪ್ರಶ್ನೆಗಳಿಗೆ ರಿಕಾರ್ಡೋನ ನಕ್ಷೆಯಲ್ಲಿ ಉತ್ತರ ಸಿಗದು. ಉತ್ತರ ಸಿಗದ ಆ ಜಾಗದಲ್ಲಿಯೇ ಅಧ್ಯಯನ ಪ್ರಾರಂಭವಾಗುತ್ತದೆ.

ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳೂ ಹೀಗೆಯೇ. ಮೂಲಗೇಣಿಯವನಿಗೆ ಭೂಮಿ ಶಾಶ್ವತ, ಗೇಣಿ ನಿಗದಿ. ಚಾಲಗೇಣಿಯವನನ್ನು ಧಣಿ ಬಯಸಿದಾಗ ಏಳಿಸಬಹುದು, ಗೇಣಿ ಏರಿಸಬಹುದು. ನೆಟ್ಟು ಐದರಿಂದ ಏಳು ವರುಷ ಕಾದ ಮೇಲೆ ಫಸಲು ಕೊಡುವ ಅಡಕೆಯ ಸಸಿಯನ್ನು ಇಬ್ಬರಲ್ಲಿ ಯಾರು ಧೈರ್ಯವಾಗಿ ನೆಟ್ಟಾನು? ಒಪ್ಪಂದದ ರೀತಿ ಬಂಡವಾಳ ಹೂಡುವ ಮನಸ್ಸನ್ನು ಹೇಗೆ ಕಟ್ಟುತ್ತದೆ, ಹೇಗೆ ಕೆಡಿಸುತ್ತದೆ ಎಂಬ ವಿಷಯದ ಮೇಲೆ ಇಂದಿನ ಅರ್ಥಶಾಸ್ತ್ರಜ್ಞರು ಗ್ರಂಥಗಳನ್ನೇ ಬರೆದಿದ್ದಾರೆ. ನಮ್ಮ ಭಾಷೆ ಅದಕ್ಕೆ ಎರಡು ಪದಗಳನ್ನು ಸಿದ್ಧವಾಗಿ ಇಟ್ಟುಕೊಂಡು ಕುಳಿತಿದೆ, ಕೇಳುವವರು ಇಲ್ಲ.

ಇನ್ನು ಅಡಕೆಯ ಮಾತು. ಪೂರೈಕೆಯ ರೇಖೆ ಬಲಕ್ಕೆ ಏರುತ್ತದೆ, ಅಂದರೆ ಬೆಲೆ ಏರಿದರೆ ಸರಕು ಹೆಚ್ಚು ಬರುತ್ತದೆಯೆಂದು ವಿದ್ಯಾರ್ಥಿ ಕಲಿಯುತ್ತಾನೆ. ಅಡಕೆಯಲ್ಲಿ ಈ ವರುಷ ಬೆಲೆ ಏರಿದರೆ ಈ ವರುಷ ಮರ ಹೆಚ್ಚಾಗುವುದಿಲ್ಲ. ಆಸೆಪಟ್ಟು ನೆಟ್ಟವರ ಫಸಲೆಲ್ಲ ಕೆಲವು ವರುಷಗಳ ಬಳಿಕ ಒಮ್ಮೆಗೇ ಪೇಟೆಗೆ ಬರುತ್ತದೆ. ಆಗ ಬೆಲೆ ಬೀಳುತ್ತದೆ. ಬಿದ್ದರೂ ಮರವನ್ನು ಕಡಿಯಲಾಗದು. ಆದರೆ ಸುಲಿಯದ ಗೋಟನ್ನೋ ಒಣಗಿದ ಚಾಲಿಯನ್ನೋ ಅಟ್ಟದಲ್ಲಿಟ್ಟು ಕಾಯಬಹುದು. ಹೊಸ ಅಡಕೆಗೊಂದು ಬೆಲೆ, ಹಳೆ ಅಡಕೆಗೊಂದು ಬೆಲೆಯಾಗುವುದು ಅದರಿಂದಲೇ. ಕಾಯುವ ಶಕ್ತಿ ಯಾರಿಗುಂಟು? ಸಾಲ ಇಲ್ಲದವನಿಗೆ. ಸಾಲಗಾರ ಅಂಗಳದಿಂದಲೇ ತೂಗಿ ಕೊಟ್ಟು ಬಿಡುತ್ತಾನೆ. ಹೀಗೆ ಕಾಲಾವಧಿ, ದಾಸ್ತಾನು, ಬಡ್ಡಿ, ಚೌಕಾಸಿಯ ಬಲ ಎಂಬ ನಾಲ್ಕು ಅಧ್ಯಾಯಗಳು ಒಂದು ಅಂಗಳದಲ್ಲಿ ಹರಡಿಕೊಂಡಿವೆ. ಮಾರಾಟಗಾರರು ಸಾವಿರಾರು ಮಂದಿ, ಕೊಳ್ಳುವವರು ಬೆರಳೆಣಿಕೆಯವರು ಎಂಬ ಸ್ಥಿತಿಯಲ್ಲಿ ಬೆಳೆಗಾರನೇನು ಮಾಡಬೇಕೆಂಬುದಕ್ಕೆ 1973ರಲ್ಲಿ ಕರ್ನಾಟಕ ಕೇರಳಗಳ ಬೆಳೆಗಾರರು ಸೇರಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸಹಕಾರ ಸಂಸ್ಥೆಯನ್ನು ಕಟ್ಟಿ ಉತ್ತರ ಕೊಟ್ಟರು. ಅನಂತರ ಕೊಕ್ಕೋ ಬೆಳೆದವರು ಕೊಳ್ಳುವವರಿಲ್ಲದೆ ಕಂಗಾಲಾದಾಗ ಅದೇ ಸಂಸ್ಥೆ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೂ ತೆರೆಯಿತು. ಇದೆಲ್ಲ ನಮ್ಮ ಮಕ್ಕಳ ಪಠ್ಯದಲ್ಲಿ ಇರಬೇಡವೆ? ಸಹಕಾರ ಚಳವಳಿಯೆಂಬ ಶೀರ್ಷಿಕೆಯ ಕೆಳಗೆ ಐದು ಗುಣ, ಐದು ದೋಷಗಳ ಪಟ್ಟಿಯಷ್ಟೇ ಅವರ ಪಾಲಿಗೆ ಬಂದಿದೆ.

ಇಷ್ಟರವರೆಗೆ ಹೇಳಿದುದು ಹೊಟ್ಟೆಯ ವಿಷಯ. ಇನ್ನೊಂದು ಪ್ರಾಣದ ವಿಷಯ ಉಂಟು. ಬಾಹ್ಯ ಪರಿಣಾಮವೆಂಬ ಪಾಠದಲ್ಲಿ ಖಾಸಗಿ ವೆಚ್ಚಕ್ಕೂ ಸಾಮಾಜಿಕ ವೆಚ್ಚಕ್ಕೂ ಇರುವ ಭೇದವನ್ನು ಕಲಿಸುತ್ತಾರೆ. 1920ರ ಪಿಗೂವಿನ ಗ್ರಂಥದಿಂದ ಬಂದ ವಿಚಾರ. ಉದಾಹರಣೆ ಯಾವುದೆಂದರೆ ಕಾರ್ಖಾನೆಯ ಚಿಮಣಿಯ ಹೊಗೆ. ಎಣ್ಮಕಜೆಯಿಂದಲೋ ಬೋವಿಕ್ಕಾನದಿಂದಲೋ ಬಂದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಚಿಮಣಿಯ ಹೊಗೆಯನ್ನೇ ಬರೆಯುತ್ತಾನೆ. ಅವನ ಊರಿನ ಗುಡ್ಡಗಳಲ್ಲಿ ಸರಕಾರಿ ಒಡೆತನದ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎರಚಿದರು. ತೋಟದ ಲೆಕ್ಕಪುಸ್ತಕದಲ್ಲಿ ಔಷಧಿಯ ಬೆಲೆ ಬರೆಯಲ್ಪಟ್ಟಿತು, ಹಾರಾಟದ ಬಾಡಿಗೆ ಬರೆಯಲ್ಪಟ್ಟಿತು, ಗೇರುಬೀಜದ ಆದಾಯ ಬರೆಯಲ್ಪಟ್ಟಿತು. ತೋಟದ ಕೆಳಗಿನ ಸುರಂಗದ ನೀರನ್ನು ಕುಡಿದವರ ರೋಗ, ಹುಟ್ಟಿದಂದಿನಿಂದ ಏಳಲಾರದ ಮಕ್ಕಳು, ಅವರನ್ನು ಎತ್ತಿಕೊಂಡೇ ಮುಪ್ಪಾದ ತಾಯಂದಿರು: ಇದಕ್ಕೆ ಯಾವ ಕಲಮಿನಲ್ಲಿಯೂ ಜಾಗವಿರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಾದ್ಯಂತ ನಿಷೇಧಿಸಿತು. 2017ರ ಜನವರಿಯಲ್ಲಿ, ನೊಂದವರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞೆ ಮಾಡಿತು. ಖಾಸಗಿ ವೆಚ್ಚಕ್ಕೂ ಸಾಮಾಜಿಕ ವೆಚ್ಚಕ್ಕೂ ಇರುವ ಭೇದ ಇದೇ. ಇದಕ್ಕಿಂತ ಸ್ಪಷ್ಟವಾದ, ಇದಕ್ಕಿಂತ ಘೋರವಾದ ಉದಾಹರಣೆ ಎಲ್ಲಿಯೂ ಸಿಗಲಾರದು. ನೆರೆಮನೆಯ ಮಗುವನ್ನು ಬಿಟ್ಟು ಪರದೇಶದ ಚಿಮಣಿಯನ್ನು ಬರೆಯುವುದನ್ನು ಕಲಿಸುವ ವಿದ್ಯೆಯನ್ನು ನಾವು ಏನೆಂದು ಕರೆಯೋಣ?

ಇದು ನಮ್ಮ ಗಡಿನಾಡಿನವರ ಗೊಣಗಾಟವೆಂದು ಯಾರೂ ತಿಳಿಯಬಾರದು. ಈ ವಿದ್ಯೆ ಹುಟ್ಟಿ ಬೆಳೆದ ದೇಶಗಳಲ್ಲಿಯೇ ವಿದ್ಯಾರ್ಥಿಗಳು ತಿರುಗಿ ಬಿದ್ದಿದ್ದಾರೆ. 2000ದಲ್ಲಿ ಪ್ಯಾರಿಸ್ಸಿನ ಅರ್ಥಶಾಸ್ತ್ರ ವಿದ್ಯಾರ್ಥಿಗಳು, ತಮಗೆ ಕಾಲ್ಪನಿಕ ಲೋಕಗಳ ಲೆಕ್ಕವನ್ನು ಮಾತ್ರ ಕಲಿಸುತ್ತಿದ್ದಾರೆಂದು ಬಹಿರಂಗ ಮನವಿ ಹೊರಡಿಸಿದರು. 2008ರಲ್ಲಿ ಪಶ್ಚಿಮದ ದೊಡ್ಡ ಬ್ಯಾಂಕುಗಳು ಕುಸಿದವು. ಆ ವರುಷದ ನವಂಬರಿನಲ್ಲಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸಿಗೆ ಹೋಗಿದ್ದ ರಾಣಿ ಎಲಿಜಬೆತ್, ಇದು ಮೊದಲೇ ಯಾರಿಗೂ ಕಾಣಲಿಲ್ಲವೇಕೆಂದು ಅಲ್ಲಿಯ ಪಂಡಿತರನ್ನು ಕೇಳಿದರು. ಮರುವರುಷ ಬ್ರಿಟಿಷ್ ಅಕಾಡೆಮಿಯ ವಿದ್ವಾಂಸರು ಪತ್ರ ಬರೆದು, ಅನೇಕ ಬುದ್ಧಿವಂತರ ಕಲ್ಪನಾಶಕ್ತಿ ಒಟ್ಟಾಗಿ ಸೋತಿತೆಂಬ ಅರ್ಥದ ಉತ್ತರ ಕೊಟ್ಟರು. ಮ್ಯಾಂಚೆಸ್ಟರಿನ ವಿದ್ಯಾರ್ಥಿಗಳು 2012ರಲ್ಲಿ ಒಂದು ಸಂಘ ಕಟ್ಟಿ, ಆರ್ಥಿಕ ಕುಸಿತಗಳನ್ನು ಕುರಿತ ಒಂದು ಪತ್ರಿಕೆ ತಮಗೆ ಬೇಕೆಂದರು. ವಿಶ್ವವಿದ್ಯಾನಿಲಯ ಅದನ್ನು ಪಠ್ಯದಲ್ಲಿ ಸೇರಿಸಲೊಪ್ಪಲಿಲ್ಲ. 2014ರಲ್ಲಿ ಅವರು ತಮ್ಮ ಪದವಿಯ ಪಠ್ಯವನ್ನೇ ಪರಿಶೀಲಿಸಿ ವರದಿ ಪ್ರಕಟಿಸಿದರು. ಅದೇ ವರುಷ ಹತ್ತಾರು ದೇಶಗಳ ವಿದ್ಯಾರ್ಥಿ ಸಂಘಗಳು ಸೇರಿ, ಅರ್ಥಶಾಸ್ತ್ರದಲ್ಲಿ ಒಂದೇ ಪಂಥವನ್ನಲ್ಲ, ಹಲವು ಪಂಥಗಳನ್ನು ಕಲಿಸಬೇಕೆಂದು ಕೇಳಿದುವು. ಮನೆಗೆ ಬೆಂಕಿ ಬಿದ್ದ ಹೊತ್ತಿನಲ್ಲಿ, ಬೆಂಕಿಯೆಂಬುದು ನಮ್ಮ ಪಠ್ಯದಲ್ಲಿಲ್ಲವೆಂದು ಹೇಳಿದ ಉಪಾಧ್ಯಾಯರ ಮೇಲೆ ಮಕ್ಕಳಿಗೆ ಸಿಟ್ಟು ಬಂದುದು ಸಹಜವೇ.

ನಮ್ಮ ದೇಶದಲ್ಲಿಯೂ ಈ ಎಚ್ಚರ ಹೊಸತಲ್ಲ. 1892ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಮಹಾದೇವ ಗೋವಿಂದ ರಾನಡೆಯವರು ಭಾರತೀಯ ಅರ್ಥಶಾಸ್ತ್ರವನ್ನು ಕುರಿತು ಮಾಡಿದ ಉಪನ್ಯಾಸದ ಸಾರವೇ ಇದು: ಇಂಗ್ಲೆಂಡಿನ ಸ್ಥಿತಿಯಿಂದ ಹುಟ್ಟಿದ ಸೂತ್ರಗಳು ಎಲ್ಲ ದೇಶಕ್ಕೂ ಎಲ್ಲ ಕಾಲಕ್ಕೂ ಒಪ್ಪುವ ನಿಸರ್ಗ ನಿಯಮಗಳಲ್ಲ. ದಾದಾಭಾಯಿ ನವರೋಜಿಯವರು 1901ರಲ್ಲಿ ಭಾರತದ ಬಡತನದ ಲೆಕ್ಕವನ್ನು ಬ್ರಿಟಿಷರ ಅಂಕಿಗಳಿಂದಲೇ ಎತ್ತಿ ತೋರಿದರು. ಅಂಬೇಡ್ಕರರು 1918ರಲ್ಲಿ ಭಾರತದ ಸಣ್ಣ ಹಿಡುವಳಿಗಳನ್ನು ಕುರಿತು, 1923ರಲ್ಲಿ ರೂಪಾಯಿಯ ಸಮಸ್ಯೆಯನ್ನು ಕುರಿತು ಬರೆದರು. ಇವರ ಹೆಸರುಗಳನ್ನು ನಮ್ಮ ವಿದ್ಯಾರ್ಥಿಗಳು ರಾಜಕಾರಣದ ಚರಿತ್ರೆಯಲ್ಲಿ ಓದುತ್ತಾರೆ. ಅರ್ಥಶಾಸ್ತ್ರದ ಮೂಲ ಸಿದ್ಧಾಂತಗಳ ಪತ್ರಿಕೆಯಲ್ಲಿ ಓದುವುದಿಲ್ಲ.

ಇನ್ನೂ ಹತ್ತಿರದ ಒಂದು ನಿದರ್ಶನವಿದೆ. ಕಾಸರಗೋಡು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಮದರಾಸು ವಿಶ್ವವಿದ್ಯಾನಿಲಯಕ್ಕೆ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಗಿಲ್ಬರ್ಟ್ ಸ್ಲೇಟರ್ ಎಂಬವರು 1915ರಲ್ಲಿ ಬಂದರು. ಅವರು ತಮ್ಮ ವಿದ್ಯಾರ್ಥಿಗಳಿಗೆ ಪ್ರಶ್ನಾವಳಿಗಳನ್ನು ಕೊಟ್ಟು, ರಜೆಯಲ್ಲಿ ಹಳ್ಳಿಗಳಿಗೆ ಹೋಗಿ ಭೂಮಿ ಯಾರದು, ಕೂಲಿ ಎಷ್ಟು, ಸಾಲ ಎಷ್ಟು, ಊಟ ಏನು ಎಂದು ವಿಚಾರಿಸಿ ಬರೆಯಲು ಹಚ್ಚಿದರು. ಆ ಬರವಣಿಗೆಯಿಂದ 1918ರಲ್ಲಿ ದಕ್ಷಿಣ ಭಾರತದ ಕೆಲವು ಹಳ್ಳಿಗಳನ್ನು ಕುರಿತ ಗ್ರಂಥ ಹೊರಬಂದಿತು. 1930ರ ದಶಕದಲ್ಲಿ ಅದೇ ವಿಶ್ವವಿದ್ಯಾನಿಲಯದವರು ಆ ಹಳ್ಳಿಗಳಿಗೆ ಮತ್ತೆ ಹೋದರು. 1940ರಲ್ಲಿ ಎರಡನೆಯ ಗ್ರಂಥ ಬಂದಿತು. ಅಲ್ಲಿಂದ ಮುಂದೆಯೂ ಸಂಶೋಧಕರು ಆ ಹಳ್ಳಿಗಳಿಗೆ ಹೋಗುತ್ತಲೇ ಇದ್ದಾರೆ. ತನ್ನ ಊರಿನ ಲೆಕ್ಕವನ್ನು ಬರೆದ ಒಬ್ಬ ವಿದ್ಯಾರ್ಥಿಯ ರಜೆಯ ಕೆಲಸ ನೂರು ವರುಷಗಳ ಬಳಿಕವೂ ವಿದ್ವಾಂಸರಿಗೆ ಬೇಕಾಗಿದೆ. ಅದೇ ನೂರು ವರುಷಗಳಲ್ಲಿ ಬರೆದ ಎಷ್ಟು ಪರೀಕ್ಷೆಯ ಉತ್ತರ ಪತ್ರಿಕೆಗಳು ಯಾರಿಗೆ ಬೇಕಾದುವು?

ಈ ಕೆಲಸಕ್ಕೆ ಗಡಿನಾಡಿಗಿಂತ ಒಳ್ಳೆಯ ಸ್ಥಳ ಬೇರೊಂದಿಲ್ಲವೆಂದು ನಾವು ಧೈರ್ಯದಿಂದ ಹೇಳುತ್ತೇವೆ. 1992ರಲ್ಲಿ ಅಮೆರಿಕದ ನ್ಯೂ ಜೆರ್ಸಿ ಸಂಸ್ಥಾನ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿತು, ಗಡಿಯಾಚೆಯ ಪೆನ್ಸಿಲ್ವೇನಿಯ ಏರಿಸಲಿಲ್ಲ. ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಎಂಬ ಇಬ್ಬರು ಗಡಿಯ ಎರಡು ಬದಿಯ ಹೋಟೆಲುಗಳನ್ನು ವಿಚಾರಿಸಿ ಎಷ್ಟು ಮಂದಿಗೆ ಕೆಲಸ ಉಳಿದಿದೆಯೆಂದು ಎಣಿಸಿದರು. ಕೂಲಿ ಏರಿದರೆ ಕೆಲಸ ಕಡಮೆಯಾಗುತ್ತದೆಯೆಂದು ಪಠ್ಯಪುಸ್ತಕದ ರೇಖೆ ಹೇಳುತ್ತಿತ್ತು. 1994ರಲ್ಲಿ ಪ್ರಕಟವಾದ ಅವರ ಎಣಿಕೆಯಲ್ಲಿ ಅದು ಕಾಣಲಿಲ್ಲ. ಆ ಮೇಲೆ ದೊಡ್ಡ ವಾದವೇ ನಡೆಯಿತು. ಇಂಥ ಕೆಲಸಕ್ಕಾಗಿ 2021ರಲ್ಲಿ ಕಾರ್ಡ್ ಅವರಿಗೆ ನೊಬೆಲ್ ಸ್ಮಾರಕ ಪಾರಿತೋಷಕ ಬಂದಿತು. ಈಗ ನೋಡಿ: 1956ರ ನವಂಬರ್ 1ರಂದು ಒಂದೇ ಜಿಲ್ಲೆಯನ್ನು ಎರಡು ರಾಜ್ಯಗಳಿಗೆ ಹಂಚಿದರು. ಮಣ್ಣು ಒಂದೇ, ಮಳೆ ಒಂದೇ, ಅಡಕೆ ಒಂದೇ, ಮಾತು ಒಂದೇ. ಕಾನೂನು ಮಾತ್ರ ಎರಡು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ರದ್ದಾಯಿತು. ಕರ್ನಾಟಕದಲ್ಲಿ ಅದು 1974ರಲ್ಲಿ ಬಂದ ತಿದ್ದುಪಡಿಯಿಂದ ಆಯಿತು. ಶಾಲೆ, ಆಸ್ಪತ್ರೆ, ಪಡಿತರ, ಕೂಲಿ ಎಲ್ಲದರಲ್ಲಿಯೂ ಎರಡು ಹಾದಿ. ಗಡಿಯ ಗೆರೆ ನಮ್ಮ ಜನಕ್ಕೆ ಕಷ್ಟವನ್ನು ತಂದಿದೆ, ಸರಿ. ಆ ಕಷ್ಟದಿಂದ ಜ್ಞಾನವನ್ನಾದರೂ ಹಿಂಡಿಕೊಳ್ಳಬಾರದೆ? ತಾಳವಾಡಿ, ಹೊಸೂರು, ಅಕ್ಕಲಕೋಟೆ, ಜತ್ತ, ಆದವಾನಿ, ಮಡಕಶಿರಗಳ ಉಪಾಧ್ಯಾಯ ಬಂಧುಗಳು ತಮ್ಮ ತಮ್ಮ ಗೆರೆಯ ಎರಡು ಬದಿಗೆ ಕಣ್ಣು ಹಾಯಿಸಲಿ.

ಇನ್ನು ಭಾಷೆಯ ಮಾತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ನಮ್ಮ ಮಕ್ಕಳು ಕಾಲೇಜಿನಲ್ಲಿ ಒಮ್ಮೆಲೇ ಇಂಗ್ಲಿಷಿನ ಕಡಲಿಗೆ ಬೀಳುತ್ತಾರೆ. ಈಜುವವರು ಕೆಲವರು, ಬಹುಮಂದಿ ಗೈಡೆಂಬ ಹಲಗೆಯನ್ನು ಹಿಡಿದು ತೇಲುತ್ತಾರೆ. ಆದರೆ ಕನ್ನಡದಲ್ಲಿ ಹೇಳಿದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದು ನಮ್ಮ ಅಭಿಮಾನಿಗಳು ತಿಳಿಯಬಾರದು. ಸೀಮಾಂತ ತುಷ್ಟಿಗುಣ ಇಳಿಮುಖ ನಿಯಮವೆಂದು ಕನ್ನಡ ಲಿಪಿಯಲ್ಲಿ ಉರುಹೊಡೆದರೆ ಅದೂ ಸತ್ತ ವಿದ್ಯೆಯೇ. ಮೊದಲ ಹಲಸಿನ ತೊಳೆಯ ರುಚಿ ಹತ್ತನೆಯದರಲ್ಲಿ ಇಲ್ಲವೆಂದು ಹೇಳಿ, ಆ ಮೇಲೆ ಪಾರಿಭಾಷಿಕ ಪದವನ್ನು ಕೊಡುವ ಉಪಾಧ್ಯಾಯರು ಕನ್ನಡದ ಕೆಲಸವನ್ನೂ ಶಾಸ್ತ್ರದ ಕೆಲಸವನ್ನೂ ಒಟ್ಟಿಗೆ ಮಾಡಿದಂತಾಯಿತು.

ಇದಕ್ಕೆ ಶಾಸ್ತ್ರದ ದೊಡ್ಡವರ ಸಮ್ಮತಿಯೇ ಇದೆ. ಕೇಂಬ್ರಿಜ್ಜಿನಲ್ಲಿ 1903ರಲ್ಲಿ ಅರ್ಥಶಾಸ್ತ್ರಕ್ಕೆ ಪ್ರತ್ಯೇಕ ಪದವಿ ಪರೀಕ್ಷೆಯನ್ನು ತಂದವರು ಆಲ್‍ಫ್ರೆಡ್ ಮಾರ್ಷಲ್. ಗಣಿತದ ಪರೀಕ್ಷೆಯಲ್ಲಿ ಇಡೀ ವಿಶ್ವವಿದ್ಯಾನಿಲಯಕ್ಕೆ ಎರಡನೆಯವರಾಗಿ ಬಂದಿದ್ದ ಅವರು 1906ರಲ್ಲಿ ಬೌಲಿ ಎಂಬ ಸಂಖ್ಯಾಶಾಸ್ತ್ರಜ್ಞರಿಗೆ ಬರೆದ ಪತ್ರದಲ್ಲಿ ತಮ್ಮ ಕ್ರಮವನ್ನು ತಿಳಿಸಿದ್ದಾರೆ. ಗಣಿತವನ್ನು ಸಂಕ್ಷೇಪ ಲಿಪಿಯಂತೆ ಬಳಸಬೇಕು. ಕೆಲಸ ಮುಗಿದ ಮೇಲೆ ಅದನ್ನು ಇಂಗ್ಲಿಷಿಗೆ ತಿರುಗಿಸಬೇಕು. ನಿಜಜೀವನದಲ್ಲಿ ಮಹತ್ವವುಳ್ಳ ಉದಾಹರಣೆ ಕೊಡಬೇಕು. ಕೊನೆಗೆ ಗಣಿತವನ್ನು ಸುಟ್ಟುಬಿಡಬೇಕು. ಉದಾಹರಣೆ ದೊರೆಯದೆ ಹೋದರೆ ತಿರುಗಿಸಿ ಬರೆದುದನ್ನೂ ಸುಡಬೇಕು. ಮಾರ್ಷಲರ ಇಂಗ್ಲಿಷೆಂದರೆ ಅವರ ಮನೆಯ ಮಾತು, ಅವರ ಅಂಗಡಿಯವನಿಗೂ ತಿಳಿಯುವ ಮಾತು. ಆ ಸೂತ್ರ ನಮ್ಮ ನಾಡಿಗೆ ಬಂದಾಗ ಇಂಗ್ಲಿಷ್ ಎಂಬ ಪದದ ಜಾಗದಲ್ಲಿ ಯಾವ ಪದ ಕೂರಬೇಕೆಂದು ಬಿಡಿಸಿ ಹೇಳಬೇಕೆ?

ನಮಗೆ ಬರುವ ಆಕ್ಷೇಪಗಳನ್ನು ನಾವು ಬಲ್ಲೆವು. ಒಬ್ಬರು ಹೇಳುತ್ತಾರೆ: ಹುಡುಗರಿಗೆ ಬ್ಯಾಂಕಿನ ಪರೀಕ್ಷೆ ಇದೆ, ಉನ್ನತ ವ್ಯಾಸಂಗಕ್ಕೆ ಪ್ರವೇಶ ಪರೀಕ್ಷೆ ಇದೆ, ಅಲ್ಲಿ ಬೈಲು ಬೆಟ್ಟುಗಳನ್ನು ಕೇಳುವುದಿಲ್ಲ. ನಿಜ. ಆದರೆ ಬೈಲು ಬೆಟ್ಟುಗಳಿಂದ ತಿಳಿದವನು ರಿಕಾರ್ಡೋನನ್ನು ಮರೆಯುವುದಿಲ್ಲ. ಉರುಹೊಡೆದವನು ಪರೀಕ್ಷೆಯ ಮರುದಿನವೇ ಮರೆಯುತ್ತಾನೆ. ಇನ್ನೊಬ್ಬರು ಹೇಳುತ್ತಾರೆ: ಶಾಸ್ತ್ರ ಸಾರ್ವತ್ರಿಕ, ಊರಿನ ವಿಷಯ ಬರಿಯ ಸಾಮಾನ್ಯ ಜ್ಞಾನ. ಆ್ಯಡಂ ಸ್ಮಿತ್ 1776ರ ತನ್ನ ಮಹಾಗ್ರಂಥದ ಮೊದಲ ಅಧ್ಯಾಯವನ್ನು ಪ್ರಾರಂಭಿಸಿದುದು ಗುಂಡುಸೂಜಿ ಮಾಡುವ ಒಂದು ಚಿಕ್ಕ ಕಾರ್ಖಾನೆಯ ಕೆಲಸಗಾರರಿಂದ. ಅದೂ ಒಂದು ಊರಿನ ವಿಷಯವೇ; ನೋಡುವ ಕಣ್ಣಿದ್ದುದರಿಂದ ಸಾರ್ವತ್ರಿಕವಾಯಿತು. ಮೂರನೆಯವರ ವಾದ ವಿಚಿತ್ರ: ಪಾಶ್ಚಾತ್ಯರ ಶಾಸ್ತ್ರವೇ ಬೇಡ, ನಮ್ಮ ಕೌಟಿಲ್ಯನಿದ್ದಾನೆ ಎಂದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದುದು ಕನ್ನಡ ನಾಡಿನ ಹೆಮ್ಮೆ. ಆದರೆ ಮಾರ್ಷಲರನ್ನು ಉರುಹೊಡೆಯುತ್ತಿದ್ದವನು ಕೌಟಿಲ್ಯನನ್ನು ಉರುಹೊಡೆಯತೊಡಗಿದರೆ ಗೆದ್ದವರು ಯಾರು? ಮಂತ್ರ ಬದಲಾಯಿತು, ಮಂತ್ರವಾದಿ ಬದಲಾಗಲಿಲ್ಲ.

ಹಾಗಾದರೆ ನಮಗೆ ಬೇಕಾದುದೇನು? ಮೊದಲನೆಯದಾಗಿ, ಅರ್ಥಶಾಸ್ತ್ರದ ಪದವಿಯಲ್ಲಿ ಆರ್ಥಿಕ ವಿಚಾರಗಳ ಚರಿತ್ರೆಯೂ ಆರ್ಥಿಕ ಚರಿತ್ರೆಯೂ ಕಡ್ಡಾಯವಾಗಿರಲಿ. ಪ್ರತಿಯೊಂದು ಸಿದ್ಧಾಂತವನ್ನೂ ಅದರ ಎದುರಾಳಿಯೊಡನೆ ಕಲಿಸಲಿ. ಎರಡನೆಯದಾಗಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ವರುಷ ಒಂದು ಊರಿನ, ಒಂದು ಬೆಳೆಯ, ಒಂದು ಸಹಕಾರಿ ಸಂಘದ ಇಲ್ಲವೆ ಬೀಡಿ ಕಟ್ಟುವ ಒಂದು ಬೀದಿಯ ಲೆಕ್ಕವನ್ನು ಸ್ವತಃ ಸಂಗ್ರಹಿಸಿ ಬರೆಯಲಿ; ಅದಕ್ಕೆ ಲಿಖಿತ ಪರೀಕ್ಷೆಯಷ್ಟೇ ಅಂಕ ಇರಲಿ. 2024ರಿಂದ ಕೇರಳದಲ್ಲಿ ನಾಲ್ಕು ವರುಷದ ಪದವಿ ಪ್ರಾರಂಭವಾಗಿದೆ. ಹೊಸ ಪಾತ್ರೆಗೆ ಹಳೆಯ ಗಂಜಿಯನ್ನೇ ಸುರಿಯದಿರಲು ಇದು ಸಮಯ. ಮೂರನೆಯದಾಗಿ, ಆ ಬರವಣಿಗೆಯನ್ನು ಕನ್ನಡದಲ್ಲಿ ಒಪ್ಪಿಸಲು ಅವಕಾಶವಿರಲಿ. ಗದ್ದೆಯವನು ಹೇಳಿದುದನ್ನು ಅವನ ಮಾತಿನಲ್ಲಿಯೇ ಬರೆದರೆ ತಾನೆ ಅದು ಸಾಕ್ಷ್ಯ!

ವಿಶ್ವವಿದ್ಯಾನಿಲಯ ಇದನ್ನು ನಾಳೆಯೇ ಮಾಡೀತೆಂಬ ಭ್ರಮೆ ನಮಗಿಲ್ಲ. ಹೈಸ್ಕೂಲಿನ ಉಪಾಧ್ಯಾಯರು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಸಮಾಜ ವಿಜ್ಞಾನದ ತರಗತಿಯಲ್ಲಿ ಒಂದು ದಪ್ಪ ಪುಸ್ತಕವನ್ನು ಇಡಿ. ವಾರಕ್ಕೊಮ್ಮೆ ಒಬ್ಬ ವಿದ್ಯಾರ್ಥಿ ಅದರಲ್ಲಿ ಅಡಕೆ, ತೆಂಗು, ಅಕ್ಕಿ, ಮೀನುಗಳ ಬೆಲೆಯನ್ನೂ ಗಂಡಾಳು ಹೆಣ್ಣಾಳುಗಳ ಕೂಲಿಯನ್ನೂ ಬರೆಯಲಿ. ಹತ್ತು ವರುಷ ತಪ್ಪದೆ ಬರೆದ ಅಂಥ ಪುಸ್ತಕ ಯಾವ ಸರಕಾರಿ ಕಚೇರಿಯಲ್ಲಿಯೂ ಸಿಗಲಾರದ ನಿಧಿಯಾದೀತು. ಹೆಣ್ಣಾಳಿನ ಕೂಲಿ ಏಕೆ ಕಡಮೆಯೆಂದು ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದರೆ, ಆ ತರಗತಿಯಲ್ಲಿ ಅರ್ಥಶಾಸ್ತ್ರ ಪ್ರಾರಂಭವಾಯಿತೆಂದು ತಿಳಿಯಿರಿ. ಅವಳಿಗೆ ಸುಮ್ಮನಿರೆಂದು ಮಾತ್ರ ಹೇಳಬೇಡಿ.